ಕರೆಂಟು ಹೋದ ಮೇಲೆ

ದೀಪ ಆರಿದರೆ ಓದು ನಿಲ್ಲುತ್ತದೆ, ಪುಸ್ತಕವೇನೂ ಆರಿಹೋಗುವುದಿಲ್ಲ. ಅಜ್ಜನ ಅಜ್ಜಂದಿರ ಕಾಲಕ್ಕೆ ಇದು ಹೇಳಬೇಕಾದ ಮಾತೇ ಆಗಿರಲಿಲ್ಲ. ಜೈಮಿನಿ ಭಾರತ ಓದುತ್ತಿರುವಾಗ ಗಾಳಿ ಬೀಸಿ ಹರಳೆಣ್ಣೆಯ ದೀಪ ಆರಿತೆಂದರೆ, ಓಲೆಗರಿಗಳನ್ನು ಕತ್ತಲೆಯಲ್ಲೇ ತಡವಿ ಜೋಡಿಸಿ, ಮೇಲೊಂದು ಕೆಳಗೊಂದು ಹಲಗೆಯಿಟ್ಟು, ದಾರ ಸುತ್ತಿ ಮಲಗುತ್ತಿದ್ದರು. ಬೆಳಗ್ಗೆ ಎದ್ದು ಬಿಚ್ಚಿದರೆ ಲಕ್ಷ್ಮೀಶನೂ ಅಲ್ಲೇ ಇರುತ್ತಿದ್ದ, ಓದು ನಿಂತ ಗರಿಯೂ ಅಲ್ಲೇ ಇರುತ್ತಿತ್ತು. ಬೆಳಕಿಗೂ ಬರಹಕ್ಕೂ ಇದ್ದದ್ದು ಕಣ್ಣಿನ ಸಂಬಂಧ, ಪ್ರಾಣದ ಸಂಬಂಧವಲ್ಲ.

ನಮ್ಮ ಕಾಲದಲ್ಲಿ ಅದು ಪ್ರಾಣದ ಸಂಬಂಧವೇ ಆಗಿಹೋಗಿದೆ. 1902ರಲ್ಲಿ ಶಿವನಸಮುದ್ರದ ನೀರು ವಿದ್ಯುತ್ತಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ಬಂದಿತು. ಬರುವುದನ್ನು ಕಲಿತ ದಿನವೇ ಅದು ಹೋಗುವುದನ್ನೂ ಕಲಿತಿರಬೇಕು. ಫ್ಯಾನು ನಿಲ್ಲುತ್ತದೆ, ಮಿಕ್ಸಿಯಲ್ಲಿ ಚಟ್ನಿ ಅರ್ಧಕ್ಕೆ ಉಳಿಯುತ್ತದೆ, ಧಾರಾವಾಹಿಯ ಅತ್ತೆ ಸೊಸೆಗೆ ಏನು ಹೇಳಿದಳೆಂಬುದು ಪಕ್ಕದ ಬೀದಿಯವರಿಂದ ತಿಳಿಯಬೇಕಾಗುತ್ತದೆ. ಇವೆಲ್ಲ ಕರೆಂಟು ಬಂದರೆ ಮುಗಿಯುವ ಕಷ್ಟಗಳು. ಚಟ್ನಿ ತಾನು ಎಲ್ಲಿಯವರೆಗೆ ಅರೆದುಕೊಂಡಿದ್ದೆ ಎಂಬುದನ್ನು ಮರೆಯುವುದಿಲ್ಲ. ಮರೆಯುವ ವಸ್ತು ಒಂದೇ ಒಂದು: ಕಂಪ್ಯೂಟರು. ಅದು ಬರೆಯುತ್ತಿದ್ದ ಹೊತ್ತಿನಲ್ಲಿ ಕರೆಂಟು ಹೋದರೆ, ಕರೆಂಟು ಮರಳಿ ಬಂದಮೇಲೂ ಅದಕ್ಕೆ ತಾನು ಏನು ಬರೆಯುತ್ತಿದ್ದೆ, ಎಲ್ಲಿ ಬರೆಯುತ್ತಿದ್ದೆ ಎಂಬುದು ಗೊತ್ತಿರುವುದಿಲ್ಲ. ಕೆಲವು ಸಲ, ಹಿಂದೆ ಎಂದೋ ಬರೆದಿಟ್ಟದ್ದೂ ಕೈತಪ್ಪುತ್ತದೆ.

ಈ ಜ್ಞಾನ ನನಗೆ ಪುಸ್ತಕದಿಂದ ಬಂದುದಲ್ಲ. ನಮ್ಮ ಕನ್ನಡ ವಿಭಾಗದಲ್ಲಿ ಅಕ್ಕಿ ಡಬ್ಬದಷ್ಟು ದೊಡ್ಡ ಕಪ್ಪು ಪೆಟ್ಟಿಗೆಯೊಂದಿದೆ. ಅದಕ್ಕೆ ಸ್ಟೋರೇಜ್ ಸರ್ವರ್ ಎಂದು ಹೆಸರು. ಒಳಗೆ ನಾಲ್ಕು ಡಿಸ್ಕುಗಳು. ವಿಭಾಗದ ಸಂಪತ್ತೆಲ್ಲ ಅದರಲ್ಲಿ: ಪ್ರಶ್ನೆಪತ್ರಿಕೆಗಳು, ವಿದ್ಯಾರ್ಥಿಗಳ ಪ್ರಬಂಧಗಳು, ಸಮಾರಂಭದ ಫೋಟೋಗಳು. ಇವು ಕಳೆದರೆ ಯಾರೂ ಅಳುವುದಿಲ್ಲ. ಪ್ರಶ್ನೆಪತ್ರಿಕೆ ಕಳೆದರೆ ಸಂತೋಷಪಡುವವರೂ ಇದ್ದಾರೆ. ಆದರೆ ಅದೇ ಪೆಟ್ಟಿಗೆಯಲ್ಲಿ 76 ಧ್ವನಿಮುದ್ರಣಗಳಿದ್ದುವು. 1994ರಲ್ಲಿ ಅಂದಿನ ವಿದ್ಯಾರ್ಥಿಗಳು ಒಂದು ಹಳ್ಳಿಯ ಅಜ್ಜಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಕೂತು 38 ಕ್ಯಾಸೆಟ್ಟುಗಳಲ್ಲಿ ತುಂಬಿಸಿಕೊಂಡು ಬಂದ ಹಾಡುಗಳು: ಬೀಸುವ ಪದ, ಕುಟ್ಟುವ ಪದ, ಸೋಬಾನೆ. ಅಜ್ಜಿಗೆ ಓದು ಬರಹ ಬಾರದು. ಹಾಡಿನ ಹಿಂದೆ ಬೀಸುವ ಕಲ್ಲಿನ ಗರಗರ ಸದ್ದು, ನಡುನಡುವೆ ಒಂದು ಕೋಳಿಯ ಕೂಗು. ಅಜ್ಜಿ ತೀರಿಕೊಂಡು ಬಹಳ ವರ್ಷಗಳಾದುವು. ಕ್ಯಾಸೆಟ್ಟುಗಳೂ ಬೂಷ್ಟು ಹಿಡಿದು, ಒಂದು ಸಲ ಓಡಿಸಿದರೆ ಕಂದು ಪುಡಿ ಉದುರುವ ಸ್ಥಿತಿಗೆ ಬಂದಿದ್ದುವು. ಆ ಕೊನೆಯ ಓಟದಲ್ಲೇ ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲಾಗುತ್ತಿತ್ತು.

ಕೊನೆಯ ಕ್ಯಾಸೆಟ್ಟಿನ ಕೊನೆಯ ಮಗ್ಗುಲು ಓಡುತ್ತಿದ್ದ ಮೇ ತಿಂಗಳ ಒಂದು ಸಂಜೆ ಗುಡುಗು ಮಳೆ ಬಂದಿತು. ಹತ್ತು ನಿಮಿಷದಲ್ಲಿ ಮೂರು ಸಲ ಕರೆಂಟು ಹೋಗಿ ಮೂರು ಸಲ ಬಂದಿತು. ಯುಪಿಎಸ್ ಎಂಬುದು ಇತ್ತು; ಅದರ ಬ್ಯಾಟರಿಗಳ ಆಯುಸ್ಸು ಮುಗಿದಿತ್ತು. ಸೀಸದ ಬ್ಯಾಟರಿ ಮೂರರಿಂದ ಐದು ವರ್ಷ ಬಾಳುತ್ತದೆ, ಸೆಕೆಯ ಕೋಣೆಯಲ್ಲಿ ಇನ್ನೂ ಬೇಗ ಸಾಯುತ್ತದೆ. ಹೊಸದನ್ನು ಕೊಳ್ಳಬೇಕೆಂಬ ಟಿಪ್ಪಣಿ ಆಗ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾವಧಾನವಾಗಿ ಪ್ರಯಾಣ ಮಾಡುತ್ತಿತ್ತು. ಯುಪಿಎಸ್ಸು ಕುಯ್ಯೆಂದು ಒಂದು ಸಲ ಕೂಗಿ ಸುಮ್ಮನಾಯಿತು. ಸರ್ವರು, ಕರೆಂಟು ಬಂದಾಗಲೆಲ್ಲ ನಂಬಿಗಸ್ತ ಆಳಿನಂತೆ ತಾನಾಗಿ ಎದ್ದು, ತನ್ನ ಲೆಕ್ಕ ಸರಿಮಾಡಿಕೊಳ್ಳಲು ಹೊರಟು, ಅರ್ಧದಲ್ಲೇ ಮತ್ತೆ ಮಲಗಿತು. ಮೂರನೆಯ ಸಲ ಎದ್ದಾಗ ಅಜ್ಜಿಯ ಹಾಡುಗಳ ಪೆಟ್ಟಿಗೆ ತೆರೆಯಲಿಲ್ಲ.

ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಐಚ್ಛಿಕ ಕನ್ನಡ ಓದಲು ಬಂದು, ಆಮೇಲೆ ಕಂಪ್ಯೂಟರಿನ ಕಡೆಗೆ ಹಾರಿದವನು. ಫೋನು ಮಾಡಿದೊಡನೆ ಅವನು ಕೇಳಿದ ಮೊದಲ ಪ್ರಶ್ನೆ, "ಸಾರ್, ಈಗ ಅದು ಓಡುತ್ತಾ ಇದೆಯಾ?" ಎಂದು.

"ಓಡುತ್ತಾ ಇದೆಯಪ್ಪ. ಏನೋ ರಿಪೇರಿ ಮಾಡಲೇ ಎಂದು ತಾನೇ ಕೇಳುತ್ತಾ ಇದೆ."

"ಬೇಡ ಅನ್ನಿ ಸಾರ್. ನಿಲ್ಲಿಸಿಬಿಡಿ. ನಾನು ಬರುವವರೆಗೆ ಯಾರೂ ಅದನ್ನು ಮುಟ್ಟಬಾರದು."

ಮನೆಯಲ್ಲಿ ಯಾರಾದರೂ ಜಾರಿ ಬಿದ್ದರೆ ನಾವು ಮಾಡುವ ಮೊದಲ ಕೆಲಸ ಎತ್ತಿ ನಿಲ್ಲಿಸುವುದು. ಡಾಕ್ಟರು ಬಂದು ಹೇಳುವ ಮೊದಲ ಮಾತು, ಎತ್ತಬಾರದಾಗಿತ್ತು ಎಂದು. ಅವನ ಮಾತೂ ಹಾಗೆಯೇ ಕೇಳಿಸಿತು. ಮರುದಿನ ಬಂದು ಅವನು ಆರಾಮವಾಗಿ ಕೂತು ಹೇಳಿದ ವಿವರಣೆಯನ್ನು ನನ್ನ ಮಾತಿನಲ್ಲಿ ಇಲ್ಲಿ ಹೇಳುತ್ತೇನೆ. ಕಿರಾಣಿ ಅಂಗಡಿಯ ಲೆಕ್ಕ ಗೊತ್ತಿರುವ ಯಾರಿಗಾದರೂ ಅದು ಅರ್ಥವಾದೀತು.

ಕಂಪ್ಯೂಟರಿಗೆ ನಾವು "ಬರೆ" ಎಂದರೆ ಅದು ತಕ್ಷಣ "ಬರೆದೆ" ಎನ್ನುತ್ತದೆ. ಅದು ಪೂರ್ತಿ ನಿಜವಲ್ಲ. ವೇಗಕ್ಕಾಗಿ ಅದು ಮೊದಲು ತನ್ನ ನೆನಪಿನಲ್ಲಿ ಹಿಡಿದಿಟ್ಟುಕೊಂಡು, ಕೆಲವು ಸೆಕೆಂಡುಗಳಾದ ಮೇಲೆ, ಕೆಲವೊಮ್ಮೆ ಅರ್ಧ ನಿಮಿಷವಾದ ಮೇಲೆ, ಡಿಸ್ಕಿಗೆ ಇಳಿಸುತ್ತದೆ. ಆ ನೆನಪು ಕರೆಂಟಿನ ಮೇಲೆ ನಿಂತದ್ದು. ಕರೆಂಟು ಹೋದರೆ ಅಲ್ಲಿದ್ದದ್ದು ಇಲ್ಲವಾಯಿತು. ಇಷ್ಟೇ ಆಗಿದ್ದರೆ ಕೊನೆಯ ಅರ್ಧ ನಿಮಿಷದ ಹಾಡು ಹೋಯಿತೆಂದು ಸಮಾಧಾನ ಪಟ್ಟುಕೊಳ್ಳಬಹುದಾಗಿತ್ತು. ಆದರೆ ಒಂದು ಕಡತವನ್ನು ಬರೆಯುವುದೆಂದರೆ ಎರಡು ಕೆಲಸ: ಒಂದು, ಒಳಗಿನ ವಸ್ತುವನ್ನು ಬರೆಯುವುದು, ಇನ್ನೊಂದು, ಅದರ ಹೆಸರೇನು, ಎಷ್ಟು ಉದ್ದ, ಯಾವ ಯಾವ ಮನೆಗಳಲ್ಲಿ ಚೂರುಚೂರಾಗಿ ಇಟ್ಟಿದೆ ಎಂಬುದನ್ನು ಖಾತೆಯಲ್ಲಿ ಬರೆಯುವುದು. ಇವೆರಡರ ನಡುವೆ ಕರೆಂಟು ಹೋದರೆ ಸಾಮಾನು ಉಗ್ರಾಣದಲ್ಲಿದೆ, ಖಾತೆಯಲ್ಲಿಲ್ಲ. ಇಲ್ಲವೆ ಖಾತೆಯಲ್ಲಿದೆ, ಉಗ್ರಾಣದಲ್ಲಿಲ್ಲ.

ಹಳೆಯ ಶೆಟ್ಟರು ಇದಕ್ಕೆ ಉಪಾಯ ಮಾಡಿದ್ದರು. ಖಾತೆಗೆ ಏರಿಸುವ ಮೊದಲು ಎಲ್ಲವನ್ನೂ ಬಂದ ಹಾಗೆಯೇ ರೋಜುಕಿರ್ದಿಯಲ್ಲಿ ಗೀಚಿಕೊಳ್ಳುತ್ತಿದ್ದರು. ಖಾತೆ ಅರ್ಧವಾದರೂ ಕಿರ್ದಿ ನೋಡಿ ಪೂರೈಸಬಹುದು. ಕಂಪ್ಯೂಟರಿನವರೂ ಇದೇ ಉಪಾಯ ಮಾಡಿದ್ದಾರೆ. ಜರ್ನಲ್ ಎಂದು ಇಂಗ್ಲಿಷಿನಲ್ಲಿ ಕರೆದಿದ್ದಾರೆ, ಅಷ್ಟೇ ವ್ಯತ್ಯಾಸ. ಲಿನಕ್ಸಿನ ಸರ್ವರುಗಳಲ್ಲಿ 2001ರ ಸುಮಾರಿನಿಂದ ಇದು ಬಳಕೆಗೆ ಬಂದಿದೆ. ಸಾಮಾನ್ಯವಾಗಿ ಕರೆಂಟು ಹೋಗಿ ಬಂದಾಗ ಯಂತ್ರ ತನ್ನ ಕಿರ್ದಿಯನ್ನು ತಿರುವಿ ಖಾತೆ ಸರಿಮಾಡಿಕೊಂಡು ನಮಗೆ ಗೊತ್ತಾಗದಂತೆ ಕೆಲಸಕ್ಕೆ ನಿಲ್ಲುತ್ತದೆ. ನಮ್ಮ ಪೆಟ್ಟಿಗೆಯೂ ಎಷ್ಟೋ ಸಲ ಹಾಗೆ ಮಾಡಿತ್ತೆಂದು ಅವನು ತೋರಿಸಿದ. ಈ ಸಲ ತೊಂದರೆ ಬಂದದ್ದು ನಾಲ್ಕು ಡಿಸ್ಕುಗಳ ಒಡಂಬಡಿಕೆಯಲ್ಲಿ.

ನಾಲ್ಕು ಡಿಸ್ಕುಗಳಿದ್ದರೆ ಒಂದು ಕೆಟ್ಟರೂ ಚಿಂತೆಯಿಲ್ಲ ಎಂದು ನಮಗೆಲ್ಲ ಹೇಳಲಾಗಿತ್ತು. ಅದು ಸುಳ್ಳಲ್ಲ. ಮೂರು ಡಿಸ್ಕುಗಳಲ್ಲಿ ವಸ್ತು, ನಾಲ್ಕನೆಯದರಲ್ಲಿ ಅವುಗಳ ಮೊತ್ತ. ಒಂದರಲ್ಲಿ 7, ಒಂದರಲ್ಲಿ 5, ಒಂದರಲ್ಲಿ 9 ಇದ್ದರೆ ನಾಲ್ಕನೆಯದರಲ್ಲಿ 21. (ಮೊತ್ತದ ಸರದಿ ಸಾಲುಸಾಲಿಗೂ ಬೇರೆ ಡಿಸ್ಕಿಗೆ ಬರುತ್ತದೆ, ಲೆಕ್ಕದ ಬಗೆಯೂ ಬೇರೆ, ತತ್ತ್ವ ಇದೇ.) ಯಾವುದೊಂದು ಅಳಿಸಿಹೋದರೂ ಉಳಿದ ಮೂರರಿಂದ ಕಂಡುಹಿಡಿಯಬಹುದು. ಇದನ್ನು ಕೇಳಿದಾಗ ನನಗೆ ಕಂದಪದ್ಯ ನೆನಪಾಯಿತು. ಕಂದದ ಒಂದನೆಯ, ಮೂರನೆಯ ಸಾಲುಗಳಿಗೆ 12 ಮಾತ್ರೆ. ಎರಡನೆಯ, ನಾಲ್ಕನೆಯ ಸಾಲುಗಳಿಗೆ 20. ಪ್ರತಿಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ. ಓಲೆಯಲ್ಲಿ ಹುಳು ತಿಂದ ಜಾಗ ಎಷ್ಟು ಮಾತ್ರೆಯದೆಂದು ಛಂದಸ್ಸು ಹೇಳುತ್ತದೆ. ಎರಡನೆಯ ಅಕ್ಷರವನ್ನೇ ಹುಳು ತಿಂದಿದ್ದರೆ ಅಲ್ಲಿದ್ದ ವ್ಯಂಜನ ಯಾವುದೆಂದು ಪ್ರಾಸ ಹೇಳುತ್ತದೆ. ಛಂದಸ್ಸು ಕಿವಿಯ ಸುಖಕ್ಕಾಗಿ ಹುಟ್ಟಿದ್ದೆಂದು ಪಾಠ ಹೇಳುತ್ತ ಬಂದಿದ್ದೇವೆ. ಅದು ಕಾವಲಿನ ಕೆಲಸವನ್ನೂ ಮಾಡುತ್ತದೆ. ಅದಕ್ಕಿಂತ ಡಿಸ್ಕಿನ ಮೊತ್ತ ಹೆಚ್ಚು ಕರಾರುವಾಕ್ಕು: ಕಳೆದದ್ದು ಎಷ್ಟು ಎಂದಲ್ಲ, ಏನು ಎಂದೇ ಹೇಳಿಬಿಡುತ್ತದೆ.

ಹೇಳಬೇಕಾದರೆ ಮೊತ್ತ ಸರಿಯಾಗಿರಬೇಕು. ಯಂತ್ರ ಎರಡನೆಯ ಡಿಸ್ಕಿನ 5ನ್ನು 8 ಮಾಡಿತು ಎನ್ನಿ. ನಾಲ್ಕನೆಯದರಲ್ಲಿ 21ನ್ನು 24 ಮಾಡಬೇಕು. ಅಷ್ಟರಲ್ಲಿ ಕರೆಂಟು ಹೋಯಿತು. ಈಗ ವಸ್ತು ಹೊಸದು, ಮೊತ್ತ ಹಳೆಯದು. ಇಷ್ಟಾದ ಮೇಲೆ ಮೂರನೆಯ ಡಿಸ್ಕು ಕೈಕೊಟ್ಟಿತು. ಯಂತ್ರ ಪ್ರಾಮಾಣಿಕವಾಗಿ ಲೆಕ್ಕ ಹಾಕುತ್ತದೆ: 21ರಲ್ಲಿ 7 ಕಳೆ, 8 ಕಳೆ, ಉಳಿದದ್ದು 6. ಅಲ್ಲಿದ್ದದ್ದು 9. ಆ 9ನ್ನು ಯಾರೂ ಮುಟ್ಟಿರಲಿಲ್ಲ. ಅದು ಎಂದೋ ಬರೆದಿಟ್ಟ ಹಾಡಿನ ಚೂರು. ಪಕ್ಕದ ಮನೆಯ ಲೆಕ್ಕ ತಪ್ಪಿದ್ದಕ್ಕೆ ಇದರ ತಲೆ ಹೋಯಿತು. ಅಜ್ಜಿಯ ಹಳೆಯ ಹಾಡುಗಳಿಗೂ ಪೆಟ್ಟು ಬಿದ್ದದ್ದು ಹೀಗೆ.

ಅವನು ಮೊದಲು ಮಾಡಿದ್ದು ರಿಪೇರಿಯಲ್ಲ, ನಕಲು. ನಾಲ್ಕು ಡಿಸ್ಕುಗಳನ್ನೂ ಹೊರಗೆ ತೆಗೆದು, ಯಾವುದು ಯಾವ ಗೂಡಿನದೆಂದು ಚೀಟಿ ಅಂಟಿಸಿ, ಒಂದೊಂದನ್ನೂ ಹೊಸ ಡಿಸ್ಕಿಗೆ ಅಕ್ಷರಕ್ಕೆ ಅಕ್ಷರವಾಗಿ ನಕಲು ಮಾಡಿದ. ಆರೋಗ್ಯವಾಗಿದ್ದ ಮೂರಕ್ಕೆ ಏಳೆಂಟು ಗಂಟೆ ಒಂದೊಂದಕ್ಕೆ ಹಿಡಿಯಿತು. ನಾಲ್ಕನೆಯದು ಕೆಮ್ಮುತ್ತಿತ್ತು, ಅದಕ್ಕೆ ಮೂರು ದಿನ. ಆ ಕೆಲಸಕ್ಕೆ ಅವನು ಬಳಸಿದ್ದು ಡಿಡಿ-ರೆಸ್ಕ್ಯೂ ಎಂಬ ಪ್ರೋಗ್ರಾಂ. ಅದು ಸುಲಭವಾಗಿ ಓದಬರುವ ಜಾಗಗಳನ್ನೆಲ್ಲ ಮೊದಲು ಓದಿಕೊಂಡು, ಕಷ್ಟದ ಜಾಗಗಳನ್ನು ಪಟ್ಟಿ ಮಾಡಿಟ್ಟು ಆಮೇಲೆ ಮತ್ತೆ ಮತ್ತೆ ಯತ್ನಿಸುತ್ತದೆ. ಒಳ್ಳೆಯ ಸಂಪಾದಕನೂ ಹೀಗೆಯೇ ಅಲ್ಲವೆ? ಅರ್ಥವಾಗದ ಮೊದಲ ಪದದಲ್ಲೇ ತಿಂಗಳು ಕೂತವನು ಗ್ರಂಥ ಮುಗಿಸುವುದಿಲ್ಲ. ಮೂಲವನ್ನು ಮುಟ್ಟದೆ ಪ್ರತಿಯ ಮೇಲೆ ತಿದ್ದುವುದಂತೂ ಗ್ರಂಥಸಂಪಾದನೆಯ ಮೊದಲ ಪಾಠ. ಹುಡುಗ ಕನ್ನಡ ತರಗತಿಯಲ್ಲಿ ಕಲಿತದ್ದೋ, ಕಂಪ್ಯೂಟರಿನ ಕೈಯಲ್ಲಿ ಪೆಟ್ಟು ತಿಂದು ಕಲಿತದ್ದೋ, ನಾನು ಕೇಳಲಿಲ್ಲ.

ಎರಡನೆಯ ಪ್ರಶ್ನೆ, ನಾಲ್ಕು ಪ್ರತಿಗಳಲ್ಲಿ ಯಾವುದು ನಂಬತಕ್ಕದ್ದು ಎಂಬುದು. ಪ್ರತಿ ಡಿಸ್ಕಿನ ಮೇಲೂ ತಾನು ಒಡಂಬಡಿಕೆಯಲ್ಲಿ ಎಲ್ಲಿಯವರೆಗೆ ಜೊತೆಗಿದ್ದೆ ಎಂಬ ಎಣಿಕೆಯೊಂದು ಬರೆದಿರುತ್ತದೆ. ಮೂರರ ಎಣಿಕೆ ಹತ್ತಿರ ಹತ್ತಿರವಿತ್ತು. ಕೆಮ್ಮುತ್ತಿದ್ದುದರ ಎಣಿಕೆ ಹಿಂದೆ ಬಿದ್ದಿತ್ತು. ಅದನ್ನು ಹೊರಗಿಟ್ಟು, ಮೂರನ್ನು ಜೋಡಿಸಿ, ಬರೆಯುವ ಅಧಿಕಾರ ಕೊಡದೆ ಓದಲು ಮಾತ್ರ ತೆರೆದ. ಓದಿದ್ದನ್ನು ಬೇರೆಡೆಗೆ ಸಾಗಿಸಿದ ಮೇಲೆ, ನಕಲಿನ ಇನ್ನೊಂದು ನಕಲಿನ ಮೇಲೆ ರಿಪೇರಿಯನ್ನು ಓಡಿಸಿದ. ಯಂತ್ರ ರಾತ್ರಿ ಅದೇ ರಿಪೇರಿಯನ್ನು ತಾನೇ ಮಾಡಲೇ ಎಂದು ಕೇಳಿದ್ದು. ಅದು ಖಾತೆಗೂ ಉಗ್ರಾಣಕ್ಕೂ ತಾಳೆ ಹಾಕುವ ಕೆಲಸ. ತಾಳೆಯಾಗದ್ದನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸುವ ಕೆಲಸವೂ ಹೌದು. ಒಂದೇ ಪ್ರತಿಯಿರುವಾಗ ಅಂಥ ಸಂಪಾದಕನ ಕೈಗೆ ಕತ್ತರಿ ಕೊಡಬಾರದು.

ಫಲ ಹೀಗಾಯಿತು. 76ರಲ್ಲಿ 61 ಹಾಡುಗಡತಗಳು ತಮ್ಮ ಹೆಸರಿನೊಡನೆ ಮರಳಿದುವು. 14ಕ್ಕೆ ಹೆಸರೇ ಹೋಗಿತ್ತು. ಖಾತೆಯಲ್ಲಿ ತಂದೆತಾಯಿ ಸಿಕ್ಕದ ಕಡತಗಳನ್ನು ರಿಪೇರಿಯ ಪ್ರೋಗ್ರಾಂ "ಲಾಸ್ಟ್ ಅಂಡ್ ಫೌಂಡ್" ಎಂಬ ಕೋಣೆಯಲ್ಲಿ ತಂದು ಕೂಡಿಸುತ್ತದೆ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳನ್ನು ಪೊಲೀಸ್ ಚೌಕಿಯಲ್ಲಿ ಕೂಡಿಸುವ ಹಾಗೆ. ಹೆಸರು ಹೇಳಲು ಬಾರದ ಮಕ್ಕಳಾದ್ದರಿಂದ ಒಂದೊಂದಕ್ಕೂ ಒಂದು ನಂಬರು. ಆ ಹದಿನಾಲ್ಕನ್ನೂ ನಾನು ಮತ್ತು ಇಬ್ಬರು ವಿದ್ಯಾರ್ಥಿನಿಯರು ಕೂತು ಕೇಳಿ ಗುರುತಿಸಿದೆವು. ಅದಕ್ಕೆ ಯಂತ್ರ ಸಹಾಯ ಮಾಡಲಾರದು. ಹಾಡು ಯಾವುದೆಂದು ಬಲ್ಲವರೇ ಬೇಕು. ಆ ಹದಿನಾಲ್ಕರಲ್ಲೇ ಮಳೆಯ ಸಂಜೆ ಇಳಿಯುತ್ತಿದ್ದ ಕೊನೆಯದೂ ಇತ್ತು. ತೆರೆದರೆ ಅವಧಿ ಸೊನ್ನೆ ಎನ್ನುತ್ತಿತ್ತು. ಹುಡುಗ ನಕ್ಕ. ಈ ಬಗೆಯ ಧ್ವನಿಕಡತದ ಉದ್ದವನ್ನು ಅದರ ತಲೆಬರಹದಲ್ಲಿ ಬರೆಯುವುದು ಮುದ್ರಣ ಮುಗಿದಾಗ. ಮುಗಿಯುವ ಮೊದಲೇ ಕರೆಂಟು ಹೋದದ್ದರಿಂದ ಸೊನ್ನೆಯೇ ಉಳಿದಿತ್ತು. ಕಡತದ ಗಾತ್ರದಿಂದ ಲೆಕ್ಕ ಹಾಕಿ ಸರಿಯಾದ ಅಂಕಿಯನ್ನು ತುಂಬಿದೊಡನೆ, ಇಲ್ಲವೆನ್ನುತ್ತಿದ್ದ ಜಾಗದಲ್ಲಿ ಹದಿನೇಳು ನಿಮಿಷ ಅಜ್ಜಿ ಹಾಡಿದಳು.

ಉಳಿದದ್ದು ಒಂದು. ಅದಕ್ಕೆ ಹೆಸರೂ ಇಲ್ಲ, ನಂಬರೂ ಇಲ್ಲ. ಅದನ್ನು ಹುಡುಕಲು ಅವನು ಖಾತೆಯನ್ನೇ ಬದಿಗಿಟ್ಟು ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಜರಡಿ ಹಿಡಿದ. ಪ್ರತಿಜಾತಿಯ ಕಡತಕ್ಕೂ ಆರಂಭದಲ್ಲಿ ಒಂದು ಗುರುತಿನ ಮಾತಿರುತ್ತದೆಯಂತೆ. ಧ್ವನಿಕಡತಕ್ಕೆ ಆರ್, ಐ, ಎಫ್, ಎಫ್ ಎಂಬ ನಾಲ್ಕು ಅಕ್ಷರ. ಗರಿಗಳು ಕಲಸಿಹೋದ ಓಲೆಕಟ್ಟಿನಲ್ಲಿ "ಶ್ರೀ ವೀತರಾಗಾಯ ನಮಃ" ಎಂದು ಕಂಡರೆ ಇಲ್ಲೊಂದು ಜೈನಗ್ರಂಥ ಮೊದಲಾಯಿತೆಂದು ನಾವು ತಿಳಿಯುವುದಿಲ್ಲವೆ? ಹಾಗೆಯೇ. ಆರಂಭ ಸಿಕ್ಕಿತು, ಹನ್ನೊಂದು ನಿಮಿಷ ಹಾಡು ಸರಿಯಾಗಿ ಬಂದಿತು. ಆಮೇಲೆ ಮಳೆ ಹುಯ್ದಂಥ ಸದ್ದು. ಮುಂದಿನದು ಇಲ್ಲ. ಮಗಳನ್ನು ಗಂಡನ ಮನೆಗೆ ಕಳುಹಿಸುವ ದೀರ್ಘವಾದ ಹಾಡು ಅದು. ಗಾಡಿ ಹಳ್ಳ ದಾಟುವಲ್ಲಿಗೆ ನಿಂತಿತು.

ತರಗತಿಯಲ್ಲಿ ಇದನ್ನು ಕೇಳಿಸಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ನಮ್ಮಜ್ಜಿಗೆ ಈ ಪದ ಬರುತ್ತೆ ಸಾರ್" ಎಂದಳು. ಮುಂದಿನ ವಾರ ಹಾಡಿಸಿಕೊಂಡು ಬಂದಳು. ಗಾಡಿ ಹಳ್ಳ ದಾಟಿತು. ಆದರೆ ಎತ್ತುಗಳ ಹೆಸರು ಬೇರೆ, ಅಣ್ಣನ ಬದಲು ಸೋದರಮಾವ, ಧಾಟಿಯೂ ಸ್ವಲ್ಪ ಬೇರೆ. ಎರಡನ್ನೂ ಅಂಟಿಸಿ ಒಂದು ಮಾಡಿಬಿಡೋಣವೆಂದು ಕೆಲವರು ಹೇಳಿದರು. ಮಾಡಲಿಲ್ಲ. ಇದು ಪಾಠಾಂತರ, ಅದು ತ್ರುಟಿತ. ಕಳೆದುಹೋದ ಜಾಗವನ್ನು ಕಳೆದುಹೋಗಿದೆ ಎಂದೇ ಗುರುತು ಹಾಕಬೇಕು. ಇನ್ನೊಬ್ಬಳ ಹಾಡನ್ನು ಅವಳ ಹೆಸರಿನಲ್ಲೇ ಪಕ್ಕದಲ್ಲಿಡಬೇಕು. ತುಂಬಿದ ಸುಳ್ಳಿಗಿಂತ ಬಿಟ್ಟ ಸ್ಥಳವೇ ಮೇಲೆಂದು ನಮ್ಮ ಹಿರಿಯ ಸಂಪಾದಕರು ಕಲಿಸಿದ್ದಾರೆ.

ಇಷ್ಟೆಲ್ಲ ಆದಮೇಲೆ ಹುಡುಗ ಒಂದು ಲೆಕ್ಕ ಹೇಳಿದ. ಅಜ್ಜಿಯ 76 ಕಡತಗಳೂ ಸೇರಿ ಸುಮಾರು 23 ಗಿಗಾಬೈಟ್. ಉಗುರಿನಷ್ಟು ಅಗಲದ ಒಂದು ಮೆಮೊರಿ ಕಾರ್ಡಿನಲ್ಲಿ ಹಿಡಿಸಿ ಮಿಗುತ್ತದೆ. ಮೊದಲ ಡಿಸ್ಕು ಬಂದದ್ದು ನಮ್ಮ ನಾಡು ಒಂದಾದ 1956ರಲ್ಲೇ, ಐಬಿಎಂನವರಿಂದ. 24 ಅಂಗುಲ ಅಗಲದ 50 ತಟ್ಟೆಗಳಲ್ಲಿ ಅದು ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ. ಅಜ್ಜಿಯ ಒಂದು ನಿಮಿಷದ ಹಾಡಿಗೂ ಸಾಲದು. ಅಲ್ಲಿಂದ ಉಗುರಿನವರೆಗೆ ಬಂದಿದ್ದೇವೆ. ಪ್ರತಿ ಮಾಡುವುದು ಇಷ್ಟು ಅಗ್ಗವಾದ ಕಾಲ ಹಿಂದೆಂದೂ ಬಂದಿರಲಿಲ್ಲ. "ನಾಲ್ಕು ಡಿಸ್ಕು ಅಂದರೆ ನಾಲ್ಕು ಪ್ರತಿ ಅಲ್ಲ ಸಾರ್" ಎಂದ ಅವನು, "ಒಂದೇ ಪ್ರತಿ, ನಾಲ್ಕು ಕಾಲು. ಪೆಟ್ಟಿಗೆಗೆ ಸಿಡಿಲು ಹೊಡೆದರೆ ನಾಲ್ಕೂ ಹೋಗುತ್ತವೆ." ಅವರ ಶಾಸ್ತ್ರದ ಸೂತ್ರ ಹೀಗಿದೆ: ಮೂರು ಪ್ರತಿ, ಎರಡು ಬಗೆಯ ವಸ್ತುವಿನ ಮೇಲೆ, ಒಂದು ಬೇರೆ ಊರಿನಲ್ಲಿ.

ನನಗೆ ಆಗ ಅತ್ತಿಮಬ್ಬೆ ನೆನಪಾದಳು. ಹತ್ತನೆಯ ಶತಮಾನದಲ್ಲಿ ಆ ತಾಯಿ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದಳು. ದಾನವೆಂದು ನಾವು ಅದನ್ನು ಹೊಗಳುತ್ತೇವೆ, ಸರಿಯೇ. ಆದರೆ ಅದರ ಬುದ್ಧಿವಂತಿಕೆಯನ್ನು ಹೊಗಳುವುದು ಸಾಲದು. ಪೊನ್ನನ ಶಾಂತಿಪುರಾಣ ಇಂದು ನಮ್ಮ ಕೈಯಲ್ಲಿದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯ ಇಲ್ಲ. ಒಂದಕ್ಕೆ ಸಾವಿರ ಪ್ರತಿ ಬರೆಯಿಸುವವಳು ಸಿಕ್ಕಳು, ಇನ್ನೊಂದಕ್ಕೆ ಸಿಕ್ಕಲಿಲ್ಲ. ಕಾರಣ ಇದೊಂದೇ ಎಂದು ನಾನು ಸಾಧಿಸಲಾರೆ. ಆದರೆ ಆ ಹೋಲಿಕೆಯನ್ನು ನೋಡಿದಮೇಲೆ ಒಂದೇ ಪ್ರತಿಯನ್ನು ನೆಚ್ಚಿ ಕೂರಲು ನನಗೆ ಧೈರ್ಯವಾಗುವುದಿಲ್ಲ. ಒಂದೇ ಊರನ್ನು ನೆಚ್ಚಿ ಬದುಕಿ ಬಂದ ಗ್ರಂಥಗಳೂ ಉಂಟು. ಧವಲಾ ಮೊದಲಾದ ಸಿದ್ಧಾಂತಗ್ರಂಥಗಳು ಶತಮಾನಗಳ ಕಾಲ ಮೂಡುಬಿದಿರೆಯ ಬಸದಿಯೊಂದರ ಓಲೆಗಳಲ್ಲಿ ಮಾತ್ರ ಉಳಿದು, 1939ರಿಂದ ಅಚ್ಚಾಗತೊಡಗಿದುವು. ಅದು ಕಾಪಾಡಿದವರ ನಿಷ್ಠೆ ಮತ್ತು ನಮ್ಮ ಪುಣ್ಯ. ಪುಣ್ಯವನ್ನು ಯೋಜನೆಯೆಂದು ಎಣಿಸಬಾರದು.

ಜೈನರಲ್ಲಿ ಶ್ರುತಪಂಚಮಿ ಎಂದು ಒಂದು ಹಬ್ಬವುಂಟು, ಜ್ಯೇಷ್ಠ ಶುದ್ಧ ಪಂಚಮಿಯ ದಿನ. ಅಂದು ಶಾಸ್ತ್ರಗ್ರಂಥಗಳನ್ನು ಹೊರಗೆ ತೆಗೆದು, ಧೂಳು ಒರೆಸಿ, ಪೂಜೆ ಮಾಡಿ, ಹೊಸ ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ಕಟ್ಟಿಟ್ಟದ್ದು ಒಳಗೆ ಇನ್ನೂ ಇದೆಯೇ, ಹುಳು ತಿಂದಿದೆಯೇ ಎಂದು ವರ್ಷಕ್ಕೊಮ್ಮೆಯಾದರೂ ಕಣ್ಣಾರೆ ನೋಡುವ ಏರ್ಪಾಡು ಅದು. ಬಿಚ್ಚಿ ನೋಡದ ಪ್ರತಿ ಪ್ರತಿಯಲ್ಲವೆಂದು ಕಂಪ್ಯೂಟರಿನವರೂ ಹೇಳುತ್ತಾರೆ. ನಮ್ಮ ವಿಭಾಗಕ್ಕೂ ಈಗ ಅಂಥದೊಂದು ದಿನ ಗೊತ್ತಾಗಿದೆ. ಅಜ್ಜಿಯ ಹಾಡುಗಳ ಒಂದು ಪ್ರತಿ ಸರ್ವರಿನಲ್ಲಿದೆ, ಒಂದು ಬೀರುವಿನಲ್ಲಿದೆ, ಒಂದು ಬೇರೊಂದು ಊರಿನ ಗ್ರಂಥಾಲಯದಲ್ಲಿದೆ. ನಾಲ್ಕನೆಯದು ಅಜ್ಜಿಯ ಮೊಮ್ಮಗಳ ಮನೆಯಲ್ಲಿದೆ. ಅವಳು ಅದನ್ನು ತನ್ನ ಫೋನಿಗೆ ಹಾಕಿಸಿಕೊಂಡು, ರಾಗಿರೊಟ್ಟಿ ತಟ್ಟುವಾಗ ಕೇಳುತ್ತಾಳಂತೆ. ಎರಡು ಹಾಡು ಈಗ ಅವಳಿಗೆ ಬಾಯಿಪಾಠ. ಯುಪಿಎಸ್ಸಿಗೆ ಹೊಸ ಬ್ಯಾಟರಿಯೂ ಬಂದಿದೆ. ಆದರೂ, ನಾಲ್ಕು ಪ್ರತಿಗಳಲ್ಲಿ ಕರೆಂಟು ಬೇಡದ ಪ್ರತಿ ಯಾವುದೆಂದು ನನಗೆ ಗೊತ್ತಿದೆ.